ಮೊದಲ ತಪಾಸಣೆಯ ನಂತರದ ದಿನಗಳು: ಭೂತಾನಿ ನಿರಾಶ್ರಿತರ ನಡುವೆ ನನ್ನ ಅನುಭವ

2010ರ ಚಳಿಗಾಲದ ಒಂದು ಬೆಳಿಗ್ಗೆ, ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್ ನಗರದಲ್ಲಿ ನಾನು ವೈದ್ಯನಾಗಿರುವ ಸಮುದಾಯ ಆರೋಗ್ಯ ಕೇಂದ್ರಕ್ಕೆ ಅರವತ್ತು ದಾಟಿದ ತಾಯಿಯೊಬ್ಬರು ಬಂದರು. ಅವರು ಈ ದೇಶಕ್ಕೆ ಬಂದಿಳಿದು ಮೂರು ವಾರವಾಗಿತ್ತು. ನೀಲಿ ಅಕ್ಷರಗಳಲ್ಲಿ ಐಒಎಂ ಎಂದು ಬರೆದಿದ್ದ ಬಿಳಿಯ ಪ್ಲಾಸ್ಟಿಕ್ ಚೀಲವೊಂದನ್ನು ಎರಡೂ ಕೈಗಳಿಂದ ಎದೆಗೆ ಅವಚಿಕೊಂಡಿದ್ದರು. ಅಂತರರಾಷ್ಟ್ರೀಯ ವಲಸೆ ಸಂಸ್ಥೆಯು ನಿರಾಶ್ರಿತರನ್ನು ವಿಮಾನ ಹತ್ತಿಸುವಾಗ ಕೊಡುವ ಆ ಚೀಲದಲ್ಲಿ ಎದೆಯ ಎಕ್ಸ್-ರೇ, ಲಸಿಕೆಯ ವಿವರ, ಹೊರಡುವ ಮುನ್ನ ನಡೆದ ತಪಾಸಣೆಯ ಹಾಳೆಗಳು ಇರುತ್ತವೆ. ಅವರು ಎಲ್ಲವನ್ನೂ ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟು, ಕೊನೆಗೆ ತಮ್ಮ ಪಾದಗಳನ್ನು ತೋರಿಸಿ, ನೇಪಾಳಿಯಲ್ಲಿ "ಖುಟ್ಟಾ ಝಮ್‌ಝಮ್ ಗರ್ಛ" ಎಂದರು. ನಮ್ಮ ಕಡೆ ಕಾಲು ಜುಮ್ಮೆನ್ನುತ್ತದೆ, ಜೋಮು ಹಿಡಿದಿದೆ ಎನ್ನುವುದಿಲ್ಲವೇ, ಹಾಗೆಯೇ ಕೇಳಿಸಿತು. ಕನ್ನಡದ ಕಿವಿಗೆ ಆ ಮಾತು ಅಷ್ಟು ಬೇಗ ಅರ್ಥವಾದದ್ದರಿಂದ, ಅದರ ಅರ್ಥ ಅಷ್ಟೇ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ.

ಇವರು ದಕ್ಷಿಣ ಭೂತಾನಿನ ನೇಪಾಳಿ ಭಾಷಿಕರು, ಲೋಟ್ಸಂಪಾ ಎಂದು ಕರೆಯಲ್ಪಡುವ ಜನ. 1985ರ ಪೌರತ್ವ ಕಾಯ್ದೆ ಮತ್ತು ಅದರ ಬೆನ್ನಿಗೆ ನಡೆದ ಜನಗಣತಿಯ ನಂತರ ನೆಲೆ ಕಳೆದುಕೊಂಡು, 1990ರ ದಶಕದ ಆರಂಭದಿಂದ ಪೂರ್ವ ನೇಪಾಳದ ಝಾಪಾ ಮತ್ತು ಮೊರಂಗ್ ಜಿಲ್ಲೆಗಳ ಶಿಬಿರಗಳಲ್ಲಿ, ಬಿದಿರಿನ ಗುಡಿಸಲುಗಳಲ್ಲಿ ಸುಮಾರು ಇಪ್ಪತ್ತು ವರ್ಷ ಕಳೆದವರು. 2008ರಿಂದ ಇವರಲ್ಲಿ ದೊಡ್ಡ ಪಾಲಿನ ಜನರನ್ನು ಅಮೆರಿಕ ಬರಮಾಡಿಕೊಂಡಿತು. ಮುಂದಿನ ವರ್ಷಗಳಲ್ಲಿ ಕೊಲಂಬಸ್ ಈ ಸಮುದಾಯದ ಅತಿ ದೊಡ್ಡ ನೆಲೆಗಳಲ್ಲಿ ಒಂದಾಯಿತು.

ನಿರಾಶ್ರಿತರು ಬಂದ 90 ದಿನಗಳೊಳಗೆ ಅವರ ವೈದ್ಯಕೀಯ ತಪಾಸಣೆ ನಡೆಯಬೇಕೆಂಬುದು ಇಲ್ಲಿಯ ವ್ಯವಸ್ಥೆ. ಕ್ಷಯ, ಹೆಪಟೈಟಿಸ್ ಬಿ, ಹೊಟ್ಟೆಹುಳು, ಮಕ್ಕಳ ರಕ್ತದಲ್ಲಿ ಸೀಸದ ಪ್ರಮಾಣ, ಬಾಕಿ ಉಳಿದ ಲಸಿಕೆಗಳು ಹೀಗೆ ಒಂದು ಸಿದ್ಧ ಪಟ್ಟಿಯಿದೆ. ನಾವು ಆ ಪಟ್ಟಿಯನ್ನು ಶ್ರದ್ಧೆಯಿಂದ ಪಾಲಿಸುತ್ತಿದ್ದೆವು ಮತ್ತು ಅದು ಮುಗಿದರೆ ನಮ್ಮ ಕೆಲಸ ಮುಗಿಯಿತೆಂದು ತಿಳಿದಿದ್ದೆವು. ಆ ತಾಯಿಯ ಕಾಲುಗಳ ತೊಂದರೆ ಪಟ್ಟಿಯಲ್ಲಿರಲಿಲ್ಲ. ನಾನು ಬಿ12 ಜೀವಸತ್ವದ ಪರೀಕ್ಷೆ ಬರೆದುಕೊಟ್ಟದ್ದು, ನಮ್ಮೂರಿನ ಸಸ್ಯಾಹಾರಿ ಮನೆಗಳ ಹಿರಿಯರಲ್ಲಿ ಇದೇ ಲಕ್ಷಣವನ್ನು ನೋಡಿದ್ದ ಅಭ್ಯಾಸದಿಂದ ಮಾತ್ರ. ಫಲಿತಾಂಶ ತೀರಾ ಕಡಿಮೆ ಬಂತು. 2011ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ ಪ್ರಕಟಿಸಿದ ವರದಿ ನೋಡಿದಾಗ ಇದು ಒಬ್ಬರ ಕಥೆಯಲ್ಲ ಎಂಬುದು ಸ್ಪಷ್ಟವಾಯಿತು. ನೇಪಾಳದಿಂದ ಹೊರಡುವ ಮುನ್ನ ತೆಗೆದಿದ್ದ ರಕ್ತದ ಮಾದರಿಗಳಲ್ಲಿ ಶೇ. 64ರಷ್ಟರಲ್ಲಿ ಬಿ12 ಕೊರತೆಯಿತ್ತು. ಶಿಬಿರದ ಪಡಿತರವೆಂದರೆ ಮುಖ್ಯವಾಗಿ ಅಕ್ಕಿ, ಬೇಳೆ, ಕಡಲೆ, ಎಣ್ಣೆ, ಸಕ್ಕರೆ, ಉಪ್ಪು. ಹಾಲು, ಮೊಟ್ಟೆ, ಮಾಂಸಗಳು ಕೊಂಡು ತಿನ್ನಬೇಕಾದ ವಸ್ತುಗಳು, ಕೊಳ್ಳಲು ಹಣವಿಲ್ಲ. ಇಪ್ಪತ್ತು ವರ್ಷ ಹೀಗೆ ಉಂಡ ದೇಹದಲ್ಲಿ ನರಗಳು ಸೊರಗದೆ ಇರುತ್ತವೆಯೇ? ಚುಚ್ಚುಮದ್ದು ಕೊಡಲು ಆರಂಭಿಸಿದ ಮೇಲೆ ಆ ತಾಯಿಯ ಜೋಮು ನಿಧಾನವಾಗಿ ಕಡಿಮೆಯಾಯಿತು. ನಾವು ಬಿ12 ಪರೀಕ್ಷೆಯನ್ನು ಭೂತಾನಿ ನಿರಾಶ್ರಿತರೆಲ್ಲರ ಮೊದಲ ತಪಾಸಣೆಗೆ ಸೇರಿಸಿದೆವು.

ಇಷ್ಟು ಮಾಡಿದ್ದು ಸುಲಭದ ಭಾಗ. ಕಷ್ಟದ ಭಾಗವನ್ನು ನಾನು ನನ್ನ ತಪ್ಪುಗಳಿಂದ ಕಲಿತೆ.

ಮೊದಲ ತಪ್ಪು ಭಾಷೆಯದು. ನನಗೆ ಹಿಂದಿ ಬರುತ್ತದೆ, ಶಿಬಿರದಿಂದ ಬಂದ ಹಲವರಿಗೆ ಹಿಂದಿ ಸಿನಿಮಾಗಳಿಂದ ಅಷ್ಟಿಷ್ಟು ಹಿಂದಿ ತಿಳಿಯುತ್ತದೆ. ಆದ್ದರಿಂದ ದುಭಾಷಿಗಾಗಿ ಕಾಯುವ ಬದಲು ನಾನೇ ಮಾತಾಡಿ ಮುಗಿಸುವುದು ರೋಗಿಗೂ ಅನುಕೂಲ ಎಂದುಕೊಂಡೆ. ನಾನು ಹೇಳಿದ ಪ್ರತಿಯೊಂದು ಮಾತಿಗೂ ಅವರು "ಹಜುರ್, ಹಜುರ್" ಎನ್ನುತ್ತಿದ್ದರು. ಅದನ್ನು ನಾನು ಒಪ್ಪಿಗೆಯೆಂದೂ ಅರ್ಥವಾಗಿದೆಯೆಂದೂ ಎಣಿಸಿದೆ. ಆದರೆ ಹಜುರ್ ಎಂಬುದು ಹಿರಿಯರೆದುರು, ಅಧಿಕಾರಿಗಳೆದುರು ಆಡುವ ಗೌರವದ ಮಾತು. ತಾವು ಹೇಳಿದ್ದು ಕಿವಿಗೆ ಬಿತ್ತು ಎನ್ನುವುದಷ್ಟೇ ಅದರ ತಾತ್ಪರ್ಯ. ರಕ್ತದೊತ್ತಡದ ಮಾತ್ರೆಯನ್ನು ದಿನವೂ ತೆಗೆದುಕೊಳ್ಳಿ ಎಂದು ನಾನು ಹೇಳಿ ಕಳಿಸಿದ ವೃದ್ಧರೊಬ್ಬರು ಅದನ್ನು ತಲೆ ನೋಯುವ ದಿನ ಮಾತ್ರ ನುಂಗುತ್ತಿದ್ದರೆಂಬುದು ನನಗೆ ಗೊತ್ತಾದದ್ದು ಎರಡು ತಿಂಗಳ ಮೇಲೆ. ಬೆಂಗಳೂರಿನ ಆಸ್ಪತ್ರೆಗಳಲ್ಲಿ ಒಡಿಶಾ, ಅಸ್ಸಾಂ ಕಡೆಯ ಕೂಲಿ ಕಾರ್ಮಿಕರನ್ನು ಹರಕುಮುರುಕು ಹಿಂದಿಯಲ್ಲೇ ನೋಡಿ ಕಳಿಸುವ ವೈದ್ಯಮಿತ್ರರು ಈ ಒಂದು ಸಂಗತಿಯನ್ನು ದಯವಿಟ್ಟು ಗಮನಿಸಬೇಕೆಂದು ನನ್ನ ಕೋರಿಕೆ.

ಎರಡನೆಯದು, ಮಕ್ಕಳನ್ನು ದುಭಾಷಿಗಳನ್ನಾಗಿ ಬಳಸಿದ್ದು. ಶಾಲೆಗೆ ಸೇರಿದ ಆರೇ ತಿಂಗಳಲ್ಲಿ ಮಕ್ಕಳು ಇಂಗ್ಲಿಷ್ ಕಲಿತುಬಿಡುತ್ತಾರೆ. ಹನ್ನೆರಡು ವರ್ಷದ ಹುಡುಗನೊಬ್ಬ ತಾಯಿಯ ಜೊತೆ ಬಂದಿದ್ದ. ತಾಯಿಗೆ ಹೊಟ್ಟೆನೋವು ಎಂದಷ್ಟೇ ಹೇಳಿದ. ತಾಯಿ ನೆಲ ನೋಡುತ್ತ ಕುಳಿತಿದ್ದರು. ಮುಂದಿನ ಭೇಟಿಗೆ ಮಹಿಳಾ ದುಭಾಷಿಯೊಬ್ಬರನ್ನು ಕರೆಸಿ, ಮಗನನ್ನು ಹೊರಗೆ ಕೂರಿಸಿ ಮಾತಾಡಿಸಿದಾಗ, ಆಕೆಗೆ ಹತ್ತು ವರ್ಷಗಳಿಂದ ಗರ್ಭಕೋಶ ಜಾರಿದೆಯೆಂಬುದು ತಿಳಿಯಿತು. ಮಗನ ಬಾಯಿಂದ ಅದನ್ನು ಯಾವ ತಾಯಿ ಹೇಳಿಸಿಯಾಳು? ಸರ್ಕಾರದ ಹಣ ಪಡೆಯುವ ಆರೋಗ್ಯ ಕೇಂದ್ರಗಳು ಇಂಗ್ಲಿಷ್ ಬಾರದವರಿಗೆ ಭಾಷೆಯ ನೆರವು ಕೊಡಲೇಬೇಕೆಂಬ ಹೊಣೆ 1964ರ ನಾಗರಿಕ ಹಕ್ಕುಗಳ ಕಾಯ್ದೆಯಿಂದಲೇ ಬಂದಿದೆ. ಕಾಯ್ದೆ ಇತ್ತು, ದೂರವಾಣಿಯಲ್ಲಿ ದುಭಾಷಿ ಒದಗಿಸುವ ಸೇವೆಯೂ ಇತ್ತು. ಹದಿನೈದು ನಿಮಿಷದ ಭೇಟಿಯಲ್ಲಿ ಅದನ್ನು ಬಳಸಲು ಸಮಯವಿರಲಿಲ್ಲ.

ಹೀಗಾಗಿ ನಾವು ಮೊದಲು ಬದಲಿಸಿದ್ದು ಸಮಯವನ್ನು. ಹೊಸದಾಗಿ ಬಂದವರ ಮೊದಲೆರಡು ಭೇಟಿಗಳಿಗೆ ತಲಾ ಒಂದು ಗಂಟೆ ಮೀಸಲಿಟ್ಟೆವು. ಆಡಳಿತ ಮಂಡಳಿಯನ್ನು ಒಪ್ಪಿಸಲು ಎಂಟು ತಿಂಗಳು ಹಿಡಿಯಿತು. ನಂತರ ಅದೇ ಸಮುದಾಯದ ಇಬ್ಬರನ್ನು, ಶಿಬಿರದ ಶಾಲೆಯಲ್ಲಿ ಶಿಕ್ಷಕರಾಗಿದ್ದ ಒಬ್ಬರನ್ನೂ ಶಿಬಿರದಲ್ಲಿ ಆರೋಗ್ಯ ಕಾರ್ಯಕರ್ತೆಯಾಗಿದ್ದ ಒಬ್ಬರನ್ನೂ, ವೈದ್ಯಕೀಯ ದುಭಾಷಿಗಳ 40 ಗಂಟೆಗಳ ತರಬೇತಿ ಕೊಡಿಸಿ ಸಂಬಳಕ್ಕೆ ನೇಮಿಸಿಕೊಂಡೆವು. ಅವರೊಂದಿಗೆ ಕುಳಿತು ನಾನು ಕೆಲಸದ ರೀತಿಯನ್ನೇ ಹೊಸದಾಗಿ ಕಲಿತೆ: ದುಭಾಷಿಯತ್ತ ತಿರುಗದೆ ರೋಗಿಯ ಮುಖ ನೋಡಿಯೇ ಮಾತಾಡುವುದು, ಒಂದು ಉಸಿರಿಗೆ ಒಂದೇ ವಿಷಯ ಹೇಳುವುದು, ಕೊನೆಯಲ್ಲಿ "ಅರ್ಥವಾಯಿತೇ" ಎಂದು ಕೇಳುವ ಬದಲು "ಆಮಾ, ಈ ಮಾತ್ರೆಯ ವಿಷಯ ಮನೆಗೆ ಹೋಗಿ ಸೊಸೆಗೆ ಹೇಗೆ ಹೇಳುತ್ತೀರಿ, ಒಮ್ಮೆ ಹೇಳಿ ತೋರಿಸಿ" ಎನ್ನುವುದು. ನೇಪಾಳಿಯಲ್ಲಿ ತಾಯಿಯನ್ನು ಆಮಾ ಎನ್ನುತ್ತಾರೆ. ಹಿರಿಯ ಹೆಂಗಸರನ್ನೆಲ್ಲ ಹಾಗೆ ಕರೆಯುವುದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಈ ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ಅರ್ಧಕ್ಕರ್ಧ ಸಲ ನಾನು ಹೇಳದೇ ಇದ್ದದ್ದು ಕೇಳಿಬರುತ್ತಿತ್ತು. ಅಲ್ಲಿಂದ ಮತ್ತೆ ಆರಂಭಿಸುತ್ತಿದ್ದೆವು.

ಸುಪ್ತ ಕ್ಷಯಕ್ಕೆ ಚಿಕಿತ್ಸೆ ಪಡೆಯುತ್ತಿದ್ದ ನಡುವಯಸ್ಸಿನವರೊಬ್ಬರ ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ಸೋಂಕು ದೇಹದಲ್ಲಿದ್ದೂ ರೋಗವಾಗಿ ಏಳದ ಈ ಸ್ಥಿತಿಗೆ ಆಗ ಐಸೋನಿಯಜಿಡ್ ಮಾತ್ರೆಯನ್ನು ಒಂಬತ್ತು ತಿಂಗಳು ದಿನವೂ ನುಂಗಬೇಕಿತ್ತು. ಮೂರನೆಯ ತಿಂಗಳು ಅವರು ಬಂದು, ಖಾಲಿ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿ, "ಕೊಟ್ಟಷ್ಟನ್ನೂ ಒಂದೂ ತಪ್ಪದೆ ನುಂಗಿದ್ದೇನೆ, ಡಾಕ್ಟರ್" ಎಂದರು. ಮುಖದಲ್ಲಿ ಹೆಮ್ಮೆಯಿತ್ತು. ಆ ಡಬ್ಬಿಯಲ್ಲಿದ್ದದ್ದು ಮೂವತ್ತು ಮಾತ್ರೆ. ಅದರ ಕಿತ್ತಳೆ ಬಣ್ಣದ ಮೈಮೇಲೆ ಅಂಟಿಸಿದ್ದ ಚೀಟಿಯ ಕೆಳಮೂಲೆಯಲ್ಲಿ, ಇನ್ನೂ ಎರಡು ಸಲ ಔಷಧಿ ಪಡೆಯಬಹುದೆಂದು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿತ್ತು. ರೀಫಿಲ್ ಎಂಬ ಏರ್ಪಾಟೇ ಅವರ ಅನುಭವದಲ್ಲಿ ಇರಲಿಲ್ಲ. ಶಿಬಿರದಲ್ಲಿ ಆಮ್ಡಾ ಸಂಸ್ಥೆಯ ಆರೋಗ್ಯ ಕೇಂದ್ರದಲ್ಲಿ ಮಾತ್ರೆಗಳನ್ನು ಎಣಿಸಿ ಕೈಗೆ ಕೊಡುತ್ತಿದ್ದರು. ಮುಗಿದರೆ ಚಿಕಿತ್ಸೆ ಮುಗಿಯಿತು ಎಂದೇ ಲೆಕ್ಕ. ನಮ್ಮಲ್ಲಿಯೂ ಮೆಡಿಕಲ್ ಶಾಪಿನಿಂದ ಹತ್ತು ಮಾತ್ರೆಯ ಪಟ್ಟಿ ತಂದು ಮುಗಿಸಿದ ಮೇಲೆ ಹಾಗೆಯೇ ಅಲ್ಲವೇ? ನಮ್ಮ ಕಡತದಲ್ಲಿ ಅವರ ಹೆಸರಿನ ಮುಂದೆ "ಸಹಕರಿಸುತ್ತಿಲ್ಲ" ಎಂದು ಬರೆದಿತ್ತು. ಬರೆದವನು ನಾನೇ. ಆ ದಿನವೇ ಅದನ್ನು ತಿದ್ದಿದೆ.

ಆಮೇಲೆ ಮೊದಲ ರೀಫಿಲ್ ತರಲು ನಮ್ಮ ಕಾರ್ಯಕರ್ತೆ ರೋಗಿಯ ಜೊತೆ ಫಾರ್ಮಸಿಗೆ ತಾವೇ ನಡೆದು ಹೋಗುವ ಪದ್ಧತಿ ಮಾಡಿದೆವು. 2011ರ ಕೊನೆಗೆ, ವಾರಕ್ಕೊಮ್ಮೆಯಂತೆ ಹನ್ನೆರಡು ವಾರ ಮಾತ್ರೆ ಕೊಡುವ ಹೊಸ ಕ್ರಮಕ್ಕೆ ಸಿಡಿಸಿಯ ಶಿಫಾರಸು ಬಂದ ನಂತರ, ಅದಕ್ಕೆ ತಕ್ಕವರನ್ನೆಲ್ಲ ಗುರುವಾರದಂದು ಕೇಂದ್ರಕ್ಕೇ ಕರೆಸಿ ನರ್ಸ್ ಎದುರಿನಲ್ಲೇ ಮಾತ್ರೆ ಕೊಟ್ಟೆವು. ಬಿ12 ಚುಚ್ಚುಮದ್ದಿನ ದಿನವನ್ನೂ ಗುರುವಾರಕ್ಕೇ ಹಾಕಿದೆವು. ಒಂದೇ ಮನೆಯಿಂದ ಮೂವರು ಒಂದೇ ಬಸ್ಸಿನಲ್ಲಿ ಬರುವಂತಾಯಿತು. ದಿನಾಂಕ ನೆನಪಿಸಲು ಇಂಗ್ಲಿಷಿನಲ್ಲಿ ಹೋಗುತ್ತಿದ್ದ ಯಂತ್ರದ ಕರೆಯನ್ನು ನಿಲ್ಲಿಸಿ, ಕಾರ್ಯಕರ್ತರೇ ಹಿಂದಿನ ಸಂಜೆ ನೇಪಾಳಿಯಲ್ಲಿ ಫೋನ್ ಮಾಡತೊಡಗಿದರು. ಕೈಗೆ ಕೊಡುವ ಚೀಟಿಯಲ್ಲಿ ದಿನಾಂಕದ ಜೊತೆ ಬಸ್ಸಿನ ಸಂಖ್ಯೆಯನ್ನು ದೇವನಾಗರಿ ಅಂಕಿಯಲ್ಲಿ ಬರೆದೆವು. ಭೇಟಿ ತಪ್ಪಿಸುವವರು ಕಣ್ಣಿಗೆ ಕಾಣುವಷ್ಟು ಕಡಿಮೆಯಾದರು.

ಹುಟ್ಟಿದ ದಿನದ ಗೊಂದಲವೂ ಸಣ್ಣದಲ್ಲ. ಜನನದ ದಾಖಲೆಯಿಲ್ಲದವರಿಗೆ ಕಾಗದಪತ್ರದಲ್ಲಿ ಜನವರಿ 1 ಎಂದು ನಮೂದಿಸಿರುತ್ತಾರೆ. ಒಂದೇ ಹೆಸರು, ಒಂದೇ ಹುಟ್ಟಿದ ದಿನದ ಇಬ್ಬರ ರಕ್ತದ ವರದಿಗಳು ನಮ್ಮಲ್ಲಿ ಒಮ್ಮೆ ಅದಲುಬದಲಾದವು. ಅಂದಿನಿಂದ ಪ್ರತಿ ಕಡತಕ್ಕೂ ಭಾವಚಿತ್ರ ಅಂಟಿಸುತ್ತೇವೆ.

ಇನ್ನು ಆ ಝಮ್‌ಝಮ್ ಮಾತಿಗೆ ಮರಳುತ್ತೇನೆ. ಐವತ್ತರ ಆಸುಪಾಸಿನ ಒಬ್ಬರು ಕೈಕಾಲು ಝಮ್‌ಝಮ್ ಎನ್ನುತ್ತದೆ, ತಲೆಯೂ ಝಮ್‌ಝಮ್ ಎನ್ನುತ್ತದೆ ಎಂದು ಬಂದಿದ್ದರು. ಬಿ12 ಸರಿಯಿತ್ತು, ಸಕ್ಕರೆ ಸರಿಯಿತ್ತು, ಥೈರಾಯ್ಡ್ ಸರಿಯಿತ್ತು. "ಏನೂ ತೊಂದರೆಯಿಲ್ಲ, ಧೈರ್ಯವಾಗಿರಿ" ಎಂದು ಕಳಿಸಿದೆ. ಅವರು ಹೋದ ಮೇಲೆ ನಮ್ಮ ದುಭಾಷಿ, ಶಿಕ್ಷಕರಾಗಿದ್ದವರು, ಬಾಗಿಲು ಮುಂದೆ ಮಾಡಿ ನನಗೆ ಒಂದು ಮಾತು ಹೇಳಿದರು: ನೇಪಾಳಿಯಲ್ಲಿ ಮನಸ್ಸು ಕುಸಿದವರೂ ಝಮ್‌ಝಮ್ ಎಂದೇ ಹೇಳುತ್ತಾರೆ. ಹಾಗೆಯೇ "ದಿಮಾಗ್" ಬೇರೆ, "ಮನ್" ಬೇರೆ. ದಿಮಾಗ್ ಕೆಟ್ಟಿದೆ ಎಂದರೆ ಹುಚ್ಚು, ಮನೆತನಕ್ಕೇ ಕಳಂಕ, ಆದರೆ ಮನ್ ನೊಂದಿದೆ ಎಂದು ಯಾರು ಬೇಕಾದರೂ ಹೇಳಬಹುದು. ನಮ್ಮಲ್ಲಿ ತಲೆ ಕೆಟ್ಟಿದೆ ಎನ್ನುವುದಕ್ಕೂ ಮನಸ್ಸಿಗೆ ಬೇಜಾರಾಗಿದೆ ಎನ್ನುವುದಕ್ಕೂ ಇರುವ ಅಂತರವೇ ಅದು. ನಾನು ಅವರನ್ನು ಕೇಳಿದ್ದೆಲ್ಲ ದಿಮಾಗಿನ ಪ್ರಶ್ನೆಗಳು.

ಅವರನ್ನು ಮತ್ತೆ ಕರೆಸಲು ಕಾರ್ಯಕರ್ತೆ ಮನೆಗೆ ಹೋದರು. ಮಗ ರಾತ್ರಿ ಪಾಳಿಯಲ್ಲಿ, ಸೊಸೆ ಹಗಲು ಪಾಳಿಯಲ್ಲಿ; ಅವರು ದಿನವಿಡೀ ಪರದೆ ಎಳೆದ ಕೋಣೆಯಲ್ಲಿ ಒಬ್ಬರೇ. ಊರಲ್ಲಿ ಏಲಕ್ಕಿ, ಕಿತ್ತಳೆ ತೋಟ ಇದ್ದವರು. ವಿಮಾನದ ಟಿಕೆಟ್ಟಿನ ಸಾಲವನ್ನು ಬಂದ ಆರು ತಿಂಗಳಿಗೆ ತೀರಿಸಲು ಆರಂಭಿಸಬೇಕು, ತಮಗೆ ದುಡಿಮೆಯಿಲ್ಲ, ಮಗನ ಮೇಲೆ ಹೊರೆಯಾಗಿದ್ದೇನೆ ಎಂಬ ಚಿಂತೆ. ಮುಂದಿನ ಭೇಟಿಯಲ್ಲಿ "ಬುವಾ, ನಿಮ್ಮ ಮನ್ ಹೇಗಿದೆ?" ಎಂದು ಕೇಳಿದೆವು. ಬುವಾ ಎಂದರೆ ನೇಪಾಳಿಯಲ್ಲಿ ತಂದೆ. ಅವರು ಬಹಳ ಹೊತ್ತು ಅತ್ತರು. ಬದುಕಿರಬೇಕೇ ಎಂಬ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದಾಗ, ಬರುತ್ತದೆ ಎಂದರು. ಅಂದೇ ಮಗನನ್ನು ಕರೆಸಿ, ಅವರ ಒಪ್ಪಿಗೆಯಿಂದಲೇ ಮಾತಾಡಿ, ಚಿಕಿತ್ಸೆ ಆರಂಭಿಸಿದೆವು. 2009ರಿಂದ 2012ರವರೆಗಿನ ಮೂರು ವರ್ಷಗಳಲ್ಲಿ ಅಮೆರಿಕಕ್ಕೆ ಬಂದ ಭೂತಾನಿ ನಿರಾಶ್ರಿತರಲ್ಲಿ 16 ಆತ್ಮಹತ್ಯೆಗಳು ನಡೆದದ್ದನ್ನು ಸಿಡಿಸಿ ತನಿಖೆ ಮಾಡಿದೆ. ನಾನು ಧೈರ್ಯ ಹೇಳಿ ಬಾಗಿಲವರೆಗೆ ಕಳಿಸಿಕೊಟ್ಟ ಆ ಮೊದಲ ಭೇಟಿಯನ್ನು ನೆನೆದರೆ ಇಂದಿಗೂ ಎದೆ ನಡುಗುತ್ತದೆ.

ಇದಾದ ನಂತರ, ಮನಸ್ಸಿನ ನೋವನ್ನು ಗುರುತಿಸಲು ನಿರಾಶ್ರಿತರಿಗಾಗಿಯೇ ಸಿಯಾಟಲ್‌ನಲ್ಲಿ ರೂಪಿಸಿದ ಆರ್‌ಎಚ್‌ಎಸ್-15 ಎಂಬ ಪ್ರಶ್ನಾವಳಿಯ ನೇಪಾಳಿ ರೂಪವನ್ನು ಪ್ರತಿಯೊಬ್ಬ ವಯಸ್ಕರಿಗೂ ಕೇಳತೊಡಗಿದೆವು. ಮೊದಲ ಭೇಟಿಯಲ್ಲಿ ಅಲ್ಲ, ಎರಡನೆಯದರಲ್ಲಿ. ಮತ್ತೆ ಆರು ತಿಂಗಳ ಮೇಲೆ ಇನ್ನೊಮ್ಮೆ. ಬಂದ ಹೊಸತರಲ್ಲಿ ಎಲ್ಲರೂ ಸಂತೋಷವಾಗಿದ್ದೇವೆ ಎಂದೇ ಹೇಳುತ್ತಾರೆ, ಆ ಮಾತು ಸುಳ್ಳೂ ಅಲ್ಲ. ಪುನರ್ವಸತಿ ಸಂಸ್ಥೆಯ ಆರಂಭದ ನೆರವು ಮುಗಿಯುವುದು ಮೂರು ತಿಂಗಳಿಗೆ, ಸಾಲದ ಕಂತು ಶುರುವಾಗುವುದು ಆರು ತಿಂಗಳಿಗೆ. ಚಿಕ್ಕ ಮಕ್ಕಳಿಲ್ಲದ ವಯಸ್ಕರಿಗೆ ಸರ್ಕಾರದ ವೈದ್ಯಕೀಯ ರಕ್ಷಣೆ ಆಗ ಎಂಟು ತಿಂಗಳಿಗೇ ನಿಲ್ಲುತ್ತಿತ್ತು. 2014ರಲ್ಲಿ ಓಹಾಯೋ, ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆಯಾದ ಮೆಡಿಕೇಡ್ ಯೋಜನೆಯನ್ನು ವಿಸ್ತರಿಸಿದ ಮೇಲೆ ಕಡಿಮೆ ಆದಾಯದ ಬಹಳಷ್ಟು ಮಂದಿಗೆ ಅದು ಮುಂದುವರಿಯಿತು. ಕಷ್ಟವೆಲ್ಲ ನಮ್ಮ ಮೊದಲ ತಪಾಸಣೆ ಮುಗಿದ ಮೇಲೆ ಬರುತ್ತಿತ್ತು, ನಾವು ಮಾತ್ರ ಅಷ್ಟರಲ್ಲಿ ಕಡತ ಮುಚ್ಚಿರುತ್ತಿದ್ದೆವು.

ಆ ಬುವಾ ಈಗ ಸಮುದಾಯದ ತೋಟವೊಂದರಲ್ಲಿ ಸಾಸಿವೆ ಸೊಪ್ಪು ಬೆಳೆಯುತ್ತಾರೆ. ಕೈಕಾಲಿನ ಝಮ್‌ಝಮ್ ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ. ಅವರ ಮಗನನ್ನು ಮಾತ್ರ ನಾವು ಇನ್ನೂ ಸರಿಯಾಗಿ ನೋಡಿಲ್ಲ. ಗೋದಾಮಿನ ರಾತ್ರಿ ಪಾಳಿ ಮುಗಿಸಿ ಮಲಗುವ ಹೊತ್ತಿಗೆ ನಮ್ಮ ಕೇಂದ್ರ ತೆರೆಯುತ್ತದೆ, ಎದ್ದು ಹೊರಡುವ ಹೊತ್ತಿಗೆ ಮುಚ್ಚಿರುತ್ತದೆ. ಇಂಥ ದುಡಿಯುವ ಮಕ್ಕಳ ರಕ್ತದೊತ್ತಡ, ಸಕ್ಕರೆ ಏರುತ್ತಿರುವುದನ್ನು ಅವರ ತಂದೆತಾಯಿಗಳೇ ನಮಗೆ ಬಂದು ಹೇಳುತ್ತಾರೆ. ಬುಧವಾರ ಸಂಜೆ ಎಂಟರವರೆಗೆ ಕೇಂದ್ರ ತೆರೆದಿಡಬೇಕೆಂದು ಕೇಳಿದ್ದೇನೆ. ಒಬ್ಬ ನರ್ಸ್ ಮತ್ತು ನಮ್ಮ ಇಬ್ಬರು ಕಾರ್ಯಕರ್ತರು ಉಳಿಯಲು ಒಪ್ಪಿದ್ದಾರೆ.