ಮಂಡಿ ನೋವಿಗೆ 6 ಮಿಲಿಮೀಟರ್: ನನ್ನ ಅನುಭವ

ಹೋದ ವಾರ ಮೈಸೂರಿನ ಕುಕ್ಕರಹಳ್ಳಿ ಕೆರೆ ಪೂರಾ ಒಂದು ಸುತ್ತು ಬಂದೆ, ಎಲ್ಲೂ ಕೂರಲಿಲ್ಲ. ಎರಡು ವರ್ಷದ ಹಿಂದೆ ಕಾಲು ಭಾಗ ನಡೆಯುವಷ್ಟರಲ್ಲೇ ಬೆಂಚು ಹುಡುಕುತ್ತಿದ್ದೆ. ಈಗ ಶೂ ಒಳಗೆ ನಾನೇ ಕೊಯ್ದು ಕೂರಿಸಿದ ಓರೆ ಇನ್‌ಸೋಲ್ ಇದೆ, ಅಂದರೆ ಒಂದು ಅಂಚು ದಪ್ಪ, ಇನ್ನೊಂದು ತೆಳು ಇರುವ ಒಳ ಅಟ್ಟೆ. "ಮಂಡಿ ಸವೆದರೆ ಅದಕ್ಕೂ ಅಟ್ಟೆ ಹಾಕ್ತೀರಾ ಭಾವ?" ಅಂದಿದ್ದ ನನ್ನ ಭಾಮೈದ ಮೊನ್ನೆ ಅತ್ತೆಯವರ ಸ್ಯಾಂಡಲ್ ತಂದು ಮುಂದಿಟ್ಟ.

ಶೂ ತಿರುಗಿಸಿದರೆ ನಡಿಗೆ ಕಾಣುತ್ತದೆ, ಚಪ್ಪಲಿ ಹೊಲಿಯುವ ನಮ್ಮ ಕಸುಬಿನವರಿಗೆ ಗೊತ್ತೇ ಇದೆ. ನನ್ನದರಲ್ಲಿ ಹಿಮ್ಮಡಿಯ ಹೊರ ಅಂಚು ಬಳಪದ ಹಾಗೆ ಓರೆಯಾಗಿ ಸವೆದಿತ್ತು, ಒಳ ಅಂಚಿನ ಗೀರು ಹಾಗೇ ಇತ್ತು. ಎಕ್ಸ್‌ರೇ ನೋಡಿದ ಡಾಕ್ಟರು ಮಂಡಿಯ ಒಳಬದಿ ಸವೆದಿದೆ ಅಂದರು.

ಮೊದಲು ದುಡ್ಡು ಕಳೆದೆ. ಸಿಲಿಕಾನ್ ಇನ್‌ಸೋಲಿಗೆ ಸುಮಾರು 1,400 ರೂಪಾಯಿ. ಹಿಮ್ಮಡಿಗೆ ಹಿತ, ಮಂಡಿಗೆ ಏನೂ ಇಲ್ಲ. ಆಮೇಲೆ ತರಿಸಿದ್ದಕ್ಕೆ 2,000 ಚಿಲ್ಲರೆ. ಅದರಲ್ಲಿ ಒಳಬದಿ ಎತ್ತರ. ನಾಲ್ಕೇ ದಿನಕ್ಕೆ ನೋವು ಜಾಸ್ತಿ ಆಯಿತು. ಒಳಬದಿ ಸವೆದವರಿಗೆ ಎತ್ತಬೇಕಾದ್ದು ಹೊರಬದಿ ಅಂತ ಆಗ ತಲೆಗೆ ಹೋಯಿತು. ಹೊರಗೆ ಎತ್ತಿದರೆ ಮಂಡಿಯ ಒಳಬದಿಯ ಭಾರ ಸ್ವಲ್ಪ ಇಳಿಯುತ್ತದೆ. ಸ್ವಲ್ಪವೇ, ಆದರೆ ಪ್ರತಿ ಹೆಜ್ಜೆಗೂ ಇಳಿಯುತ್ತದೆ ಅಲ್ವಾ?

ಮೊದಲನೇದು ಮೆತ್ತನೆ ಈವಿಎ (ಚಪ್ಪಲಿಗೆ ಬಳಸುವ ಫೋಮ್) ಶೀಟಿನಲ್ಲಿ ಕೊಯ್ದೆ. ಎರಡು ವಾರಕ್ಕೆ ಹಪ್ಪಳ ಆಯಿತು. ಎರಡನೇದು ಗಟ್ಟಿ ಶೀಟು, ಹೊರಗೆ 10 ಮಿಲಿಮೀಟರ್. ಮಂಡಿ ಹಗುರವಾಯಿತು, ಪಾದದ ಗಂಟು ನೋಯತೊಡಗಿತು. ಮೂರನೇದು ಹಿಮ್ಮಡಿಗಷ್ಟೇ, ನಡೆಯುತ್ತಾ ಮುಂದಕ್ಕೆ ಜಾರಿತು. ಕೊನೆಗೆ ಕೈ ಹಿಡಿದದ್ದು ಬೆರಳ ಬುಡದ ತನಕ ಉದ್ದ ಇರುವುದು. ಹಿಮ್ಮಡಿಯ ಹೊರ ಅಂಚಿಗೆ 6 ಮಿಲಿಮೀಟರ್, ಒಳ ಅಂಚಿಗೆ ಸೊನ್ನೆ. ಸುಮಾರು 5 ಡಿಗ್ರಿ ಓರೆ. ಮೊದಲ ವಾರ ದಿನಕ್ಕೆ ಒಂದು ಗಂಟೆಯಷ್ಟೇ ಹಾಕಿದೆ. ಕಿರುಬೆರಳ ಬುಡದಲ್ಲಿ ರಂಪಿಗೆ (ನಮ್ಮ ಕೊಯ್ಯುವ ಉಳಿ) ಹೇಗೆ ಓಡಿಸಬೇಕು ಅನ್ನೋದು ನನ್ನ ಹತ್ತಿರವೇ ಇರಲಿ. ಅದಕ್ಕೇ ಏಳೆಂಟು ಜೊತೆ ಹಾಳು ಮಾಡಿದ್ದೇನೆ. ಸಾಮಾನಿನ ಖರ್ಚು ಒಂದು ಜೊತೆಗೆ 150 ರೂಪಾಯಿ ದಾಟಲ್ಲ.

ನಡುವೆ ಕಾರ್ಕ್ ಕೂಡ ನೋಡಿದೆ, ಮಳೆಗಾಲದಲ್ಲಿ ಅಂಚು ಉದುರಿತು. ಹವಾಯಿ ಚಪ್ಪಲಿಗೂ ಅಂಟಿಸಿದೆ. ಹಿಮ್ಮಡಿಯನ್ನು ಹಿಡಿಯುವ ಗೋಡೆ ಇಲ್ಲ, ಪಾದ ಇಳಿಜಾರಿನಲ್ಲಿ ಒಳಗೆ ಸರಿಯುತ್ತದೆ. ಸುಮ್ನೆ ಸಲ್ಯೂಷನ್ ದಂಡ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಲ್ಲಿ ನಂದಿ ತನಕ ಹತ್ತಿದೆ, ಇಳಿಯುವಾಗ ಮಂಡಿ ಹಿಡಿಯಿತು. ನನ್ನ ಮಟ್ಟಿಗೆ ಇದು ಸಮತಟ್ಟು ದಾರಿಗೆ.

"ಸಂಶೋಧನೆಗಳಲ್ಲೂ ಫಲಿತಾಂಶ ಒಂದೇ ಥರ ಬಂದಿಲ್ಲ, ಕೆಲವರಿಗೆ ಒಗ್ಗಲ್ಲ" ಅಂತ ಫಿಸಿಯೋಥೆರಪಿ ಮೇಡಂ ಹೇಳಿದ್ದರು. ನಿಜ. ಹತ್ತು ಹನ್ನೆರಡು ಜನಕ್ಕೆ ಮಾಡಿಕೊಟ್ಟೆ, ಏಳು ಜನ ಮತ್ತೆ ಬಂದು ಎರಡನೇ ಜೊತೆ ಒಯ್ದರು. ಮಂಡಿಚಿಪ್ಪಿನ ನೋವಿನ ಇಬ್ಬರಿಗೆ ಏನೂ ಆಗಲಿಲ್ಲ, ದುಡ್ಡು ವಾಪಸ್ ಕೊಟ್ಟೆ. ಮೇಡಂ ಹೇಳಿಕೊಟ್ಟ ತೊಡೆ ವ್ಯಾಯಾಮ ನಾನೂ ಬಿಟ್ಟಿಲ್ಲ.

ಅತ್ತೆಯವರ ಸ್ಯಾಂಡಲ್ ತಿರುಗಿಸಿದೆ. ಸವೆತ ಒಳ ಅಂಚಿನಲ್ಲಿದೆ. ನನ್ನ ಅಳತೆ ಅವರಿಗೆ ಹಾಕಲ್ಲ. ಎಕ್ಸ್‌ರೇ ತಗೊಂಡು ಬಾ ಅಂತ ಭಾಮೈದನಿಗೆ ಹೇಳಿ ಕಳಿಸಿದ್ದೇನೆ.