ಆ ಒಂದು ಸಾಲು ಬರೆಯೋಕೆ ಎರಡು ವರ್ಷ ಹಿಡಿಯಿತು

ಬಾಗಲಕೋಟೆ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಇಂಟರ್ನಲ್ ಆಡಿಟ್ ನೋಡುತ್ತೇನೆ. ಮೂರೇ ಜನ. ಇಷ್ಟು ಸಣ್ಣ ವಿಭಾಗಕ್ಕೆ ಹೊರಗಿನವರಿಂದ ಮೌಲ್ಯಮಾಪನ ಮಾಡಿಸೋದು ಆಗದ ಕೆಲಸ ಅಂದವರೇ ಜಾಸ್ತಿ.

2023ರಲ್ಲಿ ಕಬ್ಬಿನ ಬಿಲ್ ವರದಿಯ ಕೊನೆಗೆ ‘ಐಐಎ ಸ್ಟ್ಯಾಂಡರ್ಡ್ಸ್ ಪ್ರಕಾರ ನಡೆಸಲಾಗಿದೆ’ ಅಂತ ಹಾಕಿದ್ದೆ. ಐಐಎ ಅಂದರೆ ಇನ್‌ಸ್ಟಿಟ್ಯೂಟ್ ಆಫ್ ಇಂಟರ್ನಲ್ ಆಡಿಟರ್ಸ್, ನಮ್ಮ ಕೆಲಸಕ್ಕೆ ಅಂತರರಾಷ್ಟ್ರೀಯ ನಿಯಮ ಮಾಡೋ ಸಂಸ್ಥೆ. ಹಳೇ ವರದಿಯಿಂದ ಕಾಪಿಯಾಗಿ ಬರುತ್ತಿದ್ದ ಸಾಲು. ಆಡಿಟ್ ಕಮಿಟಿಯ ಹಿರಿಯರೊಬ್ಬರು ಅದರ ಕೆಳಗೆ ಪೆನ್ನಿಂದ ಗೆರೆ ಎಳೆದು, “ಇದಕ್ಕ ಆಧಾರ ಎಲ್ಲೈತಿ ತೋರಸ್ರಿ” ಅಂದರು. ವಿಭಾಗ ಶುರುವಾಗಿ ಆರು ವರ್ಷ ದಾಟಿತ್ತು. ಆ ಸ್ಟ್ಯಾಂಡರ್ಡ್ಸ್ ಪ್ರಕಾರ ಐದು ವರ್ಷಕ್ಕೊಮ್ಮೆ ಆಗಲೇಬೇಕಾದ ಹೊರಗಿನ ಮೌಲ್ಯಮಾಪನ ಒಮ್ಮೆಯೂ ಆಗಿರಲಿಲ್ಲ. ಸಾಲು ತೆಗೆದೆವು. ಯಾವುದು ಪಾಲನೆಯಾಗಿಲ್ಲ, ಅದರಿಂದ ಏನಾಗುತ್ತದೆ ಅಂತ ಬೋರ್ಡಿಗೆ ಬರೆದುಕೊಟ್ಟೆವು.

ಈ ಮೌಲ್ಯಮಾಪನಕ್ಕೆ ಬೆಂಗಳೂರಿನವರು ಒಬ್ಬರು ಒಂಬತ್ತು ಲಕ್ಷದ ಹತ್ತಿರ ಕೇಳಿದರು. ಎಂಡಿ ಸಾಹೇಬರು ಫೈಲ್ ಮುಚ್ಚಿಬಿಟ್ಟರು. ಪಕ್ಕದ ತಾಲ್ಲೂಕಿನ ಕಾರ್ಖಾನೆಯ ಗೆಳೆಯನ ಜೊತೆ, ನಿಮ್ಮದು ನಾವು ನೋಡ್ತೀವಿ, ನಮ್ಮದು ನೀವು ನೋಡಿ ಅಂತ ಮಾತಾಡಿಕೊಂಡೆ. ಎರಡೇ ಸಂಸ್ಥೆ ಹಾಗೆ ಮಾಡಿದರೆ ಅದು ಸ್ವತಂತ್ರ ಆಗೋದಿಲ್ಲ, ಕನಿಷ್ಠ ಮೂರು ಬೇಕು. ಎರಡು ತಿಂಗಳು ಹಾಳಾಯ್ತು.

ಕೊನೆಗೆ ನಾವೇ ಸ್ವಯಂ ಮೌಲ್ಯಮಾಪನ ಮಾಡಿ, ಅದನ್ನು ಹೊರಗಿನವರಿಂದ ಪರಿಶೀಲನೆ ಮಾಡಿಸೋ ದಾರಿ ಹಿಡಿದೆವು. ಸುಮಾರು 40 ಫೈಲ್ ತೆಗೆದರೆ ಹನ್ನೊಂದರಲ್ಲಿ ವರದಿ ಹೋಗುವ ಮುಂಚೆ ನಾನು ನೋಡಿದ್ದಕ್ಕೆ ಗುರುತೇ ಇಲ್ಲ. ನೋಡಿದ್ದು ನಿಜ, ಸಹಿ ಇಲ್ಲ. ಈಗ ಹಾಕಿ ಹಳೇ ತಾರೀಖು ಬರೆಯಿರಿ ಅಂತ ಸಲಹೆ ಬಂತು. ಒಪ್ಪಲಿಲ್ಲ. ಇಡೀ ಒಂದು ಸೀಸನ್ ಕಾದು, ಹೊಸ ಫೈಲುಗಳಲ್ಲಿ ಸರಿಯಾಗಿ ಮಾಡಿ ತೋರಿಸಿದೆವು. ಅಷ್ಟರಲ್ಲಿ 2025ರ ಜನವರಿ 9ಕ್ಕೆ ಹೊಸ ಸ್ಟ್ಯಾಂಡರ್ಡ್ಸ್ ಜಾರಿಗೆ ಬಂದವು, ಸ್ವಯಂ ಮೌಲ್ಯಮಾಪನದ ಅರ್ಧ ಶೀಟು ಮತ್ತೆ ಹೊಂದಿಸಬೇಕಾಯ್ತು.

ಆ ಸೀಸನ್ನಿನಲ್ಲೇ ಒಂದು ರಾತ್ರಿ ಯಾರ್ಡಿನಲ್ಲಿ ನಿಂತು, ಕಬ್ಬು ಇಳಿಸಿ ಹೊರಟ ಮೂವತ್ತು ಖಾಲಿ ಟ್ರಾಕ್ಟರ್‌ಗಳನ್ನು ಇನ್ನೊಂದು ವೇಬ್ರಿಜ್ ಮೇಲೆ ಮತ್ತೆ ತೂಗಿಸಿದೆ. ನಾಲ್ಕರಲ್ಲಿ ಸ್ಲಿಪ್ಪಿಗೂ ತೂಕಕ್ಕೂ ಒಂದು ಕ್ವಿಂಟಲ್ ಆಸುಪಾಸು ವ್ಯತ್ಯಾಸ. ಇದಕ್ಕೂ ಮೌಲ್ಯಮಾಪನಕ್ಕೂ ನೇರ ಸಂಬಂಧ ಇಲ್ಲ, ಆದರೆ ಹೊರಗಿನವರ ಪರಿಶೀಲನೆಗೆ ಕಮಿಟಿ ದುಡ್ಡು ಬಿಡುಗಡೆ ಮಾಡಿದ್ದು ಇದಾದ ಮೇಲೇ.

ಪರಿಶೀಲನೆ ತಂಡದಲ್ಲಿ ಒಬ್ಬರಾದರೂ ಸಿಐಎ, ಅಂದರೆ ಸರ್ಟಿಫೈಡ್ ಇಂಟರ್ನಲ್ ಆಡಿಟರ್, ಇರಬೇಕು, ಅಲ್ವಾ? ಬೆಳಗಾವಿಯಲ್ಲಿ ಸಿಕ್ಕರು, ನಮ್ಮ ಜೊತೆ ಯಾವ ವ್ಯವಹಾರವೂ ಇಲ್ಲದವರು. ನಾಲ್ಕು ದಿನ ಕೂತು ನೋಡಿದರು. ಪುರಾವೆ ಯಾವ ಕ್ರಮದಲ್ಲಿ ಜೋಡಿಸಿದ್ದೆ ಅನ್ನೋದು ನನ್ನ ಹತ್ತಿರವೇ ಇರಲಿ, ಅವರೇ ಅದರ ಒಂದು ಪ್ರತಿ ಕೇಳಿದರು. ಪ್ರಯಾಣ, ವಸತಿ ಎಲ್ಲ ಸೇರಿ ಎರಡೂವರೆ ಲಕ್ಷದ ಒಳಗೇ ಮುಗಿಯಿತು.

ಎರಡು ಕಡೆ ಪಾಲನೆ ‘ಭಾಗಶಃ’ ಅಂತ ಬಂತು, ಅದಕ್ಕೆ ಆ್ಯಕ್ಷನ್ ಪ್ಲಾನ್ ಕೊಟ್ಟಿದ್ದೇವೆ. ಒಟ್ಟಾರೆ ಪಾಲನೆ ಇದೆ ಅಂತಲೇ ಬರೆದುಕೊಟ್ಟರು. ಅದಾದ ಮೇಲಿನ ಮೊದಲ ವರದಿಯಲ್ಲಿ ಆ ಸಾಲು ಮತ್ತೆ ಹಾಕಿದೆ, ಈ ಸಲ ನಾನೇ ಟೈಪ್ ಮಾಡಿ.