ಮನೆಯಲ್ಲಿ ಟೆನ್ಸ್ ಯಂತ್ರ: ಜುಮ್ಮೆನ್ನಬೇಕು, ನೋಯಬಾರದು

ಮೊಣಕೈ ಬಾಗಿಲಿಗೆ ಬಡಿದರೆ ಏನು ಮಾಡುತ್ತೇವೆ? ಇನ್ನೊಂದು ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಗಸಗಸ ಉಜ್ಜುತ್ತೇವೆ. ಉಜ್ಜುವಷ್ಟು ಹೊತ್ತು ನೋವು ಸ್ವಲ್ಪ ತಗ್ಗಿದ ಹಾಗೆ ಅನ್ನಿಸುತ್ತದೆ, ಅಲ್ವಾ? ಟೆನ್ಸ್ ಯಂತ್ರ ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ಕೈ ಉಜ್ಜುವ ಬದಲು, ಚರ್ಮಕ್ಕೆ ಅಂಟಿಸುವ ಪ್ಯಾಡ್‌ಗಳ ಮೂಲಕ ಹಾಯುವ ಸಣ್ಣ ಕರೆಂಟ್ ಆ ಕೆಲಸ ಮಾಡುತ್ತದೆ.

ಇದರ ಹಿಂದಿನ ವಿವರಣೆಯನ್ನು ನೋವಿನ ಬಗ್ಗೆ ಸಂಶೋಧನೆ ಮಾಡಿದ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಕೊಟ್ಟರು. ಬೆನ್ನುಹುರಿಯಲ್ಲಿ ಒಂದು ಗೇಟ್ ಇದೆ ಅಂದುಕೊಳ್ಳಿ. ಮುಟ್ಟಿದ್ದು, ಉಜ್ಜಿದ್ದು ಮುಂತಾದ ಸುದ್ದಿ ತರುವ ನರಗಳು ದಪ್ಪ. ನೋವಿನ ಸುದ್ದಿ ತರುವವು ತೆಳು. ದಪ್ಪ ನರಗಳು ಚುರುಕಾದರೆ ತೆಳು ನರಗಳ ಪಾಲಿಗೆ ಗೇಟ್ ಅರ್ಧ ಮುಚ್ಚಿಕೊಳ್ಳುತ್ತದೆ. ಮಿದುಳಿಗೆ ತಲುಪುವ ನೋವು ಕಡಿಮೆಯಾಗುತ್ತದೆ. ನೋವಿಗೆ ಕರೆಂಟ್ ಎನ್ನುವ ಯೋಚನೆ ಮಾತ್ರ ತುಂಬ ಹಳೆಯದು. ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ ರೋಮ್‌ನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್, ಗೌಟ್ ಎಂಬ ಕೀಲುನೋವಿದ್ದವರು ಕರೆಂಟ್ ಹೊಡೆಯುವ ಮೀನಿನ ಮೇಲೆ ಕಾಲಿಡಬೇಕು ಎಂದು ಬರೆದಿದ್ದ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ರೋಗ ವಾಸಿ ಮಾಡುವ ಯಂತ್ರ ಅಲ್ಲ. ಮಂಡಿ ಸವೆದಿದ್ದರೆ ಸವೆದೇ ಇರುತ್ತದೆ. 2022ರಲ್ಲಿ 381 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವಿಮರ್ಶೆ ಬಂತು. ಟೆನ್ಸ್ ಹಾಕಿಕೊಂಡಿರುವಾಗ ಮತ್ತು ತೆಗೆದ ಕೂಡಲೇ ನೋವು ಕಡಿಮೆ ಇರುತ್ತದೆ ಎಂದು ಅದು ಹೇಳಿತು. ಆದರೆ ಚಿಕಿತ್ಸೆಗಳ ಬಗ್ಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ ಸೊಂಟನೋವಿಗೆ ಇದನ್ನು ಕೊಡಬೇಡಿ ಎಂದಿದೆ. ಹಾಗಾಗಿ ನಿಮಗೆ ಒಗ್ಗುತ್ತದೋ ಇಲ್ಲವೋ ಎಂಬುದನ್ನು ಕೆಲವು ದಿನ ಹಾಕಿಕೊಂಡೇ ನೋಡಬೇಕು.

ಯಾರು ಹಾಕಿಕೊಳ್ಳಬಾರದು?

ಈ ಭಾಗವನ್ನು ದಯವಿಟ್ಟು ಹಾರಿಸಬೇಡಿ. ಎದೆಯಲ್ಲಿ ಪೇಸ್‌ಮೇಕರ್ ಅಥವಾ ಅಂಥದ್ದೇ ಯಂತ್ರ ಇರುವವರು ಇದರ ಹತ್ತಿರ ಹೋಗಬಾರದು. ಫಿಟ್ಸ್ ಬರುವವರು, ಗರ್ಭಿಣಿಯರು, ಕ್ಯಾನ್ಸರ್ ಇರುವವರು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದ್ದರೆ ಅಲ್ಲಿ ಪ್ಯಾಡ್ ಅಂಟಿಸಬಾರದು. ಕರೆಂಟ್ ಎಷ್ಟಿದೆ ಎಂದು ಚರ್ಮಕ್ಕೆ ಗೊತ್ತೇ ಆಗುವುದಿಲ್ಲ, ಸುಟ್ಟರೂ ತಿಳಿಯುವುದಿಲ್ಲ. ಇನ್ನು ಕಾರಣವೇ ಗೊತ್ತಿಲ್ಲದ ನೋವು. ಅದನ್ನು ಮೊದಲು ವೈದ್ಯರಿಗೆ ತೋರಿಸಿ. ನೋವು ಅಡಗಿಸಿಕೊಂಡು ಕೂತರೆ ಒಳಗಿನ ತೊಂದರೆಯೂ ಅಡಗಿಯೇ ಇರುತ್ತದೆ.

ಹಾಕಿಕೊಳ್ಳುವುದು ಹೇಗೆ?

ಮೊದಲು ಚರ್ಮ. ಸೋಪು ನೀರಿನಲ್ಲಿ ತೊಳೆದು ಚೆನ್ನಾಗಿ ಒರೆಸಿ. ಎಣ್ಣೆ, ಕ್ರೀಮ್, ನೋವಿನ ಮುಲಾಮು ಏನೂ ಇರಬಾರದು. ನಾನು ಮೊದಲ ಸಲ ಹಾಕಿಕೊಂಡಾಗ ಬೆನ್ನಿಗೆ ಮುಲಾಮು ಹಚ್ಚಿ ಅರ್ಧ ಗಂಟೆಯೂ ಆಗಿರಲಿಲ್ಲ. ಪ್ಯಾಡ್‌ನ ಒಂದು ಅಂಚು ಮೇಲೆದ್ದಿತ್ತು. ಒತ್ತೋಣ ಅಂತ ಕೈ ಹಾಕುವಷ್ಟರಲ್ಲಿ, ಅಂಟಿಕೊಂಡಿದ್ದ ಮೂಲೆಯಲ್ಲಿ ಸೂಜಿ ಚುಚ್ಚಿದ ಹಾಗೆ ಚುರ್ ಅಂತು. ಅಷ್ಟಗಲದಲ್ಲಿ ಹರಡಬೇಕಾದ ಕರೆಂಟ್ ಅಷ್ಟೂ ಆ ಚೂರು ಜಾಗದಲ್ಲಿ ನುಗ್ಗಿತ್ತು. ಪ್ಯಾಡ್ ಪೂರ್ತಿ ಅಂಟಿರಬೇಕು ಅನ್ನುವುದು ಇದಕ್ಕೇ. ಕೂದಲು ಜಾಸ್ತಿ ಇದ್ದರೆ ಕತ್ತರಿಯಲ್ಲಿ ಕತ್ತರಿಸಿ. ಆಗತಾನೇ ಶೇವ್ ಮಾಡಿದ ಚರ್ಮ ಉರಿಯುತ್ತದೆ.

ಯಂತ್ರ ಆಫ್ ಇರುವಾಗಲೇ ವೈರ್ ಸಿಕ್ಕಿಸಿ, ಪ್ಯಾಡ್ ಅಂಟಿಸಿ. ನೋವಿನ ಜಾಗ ಎರಡು ಪ್ಯಾಡ್‌ಗಳ ನಡುವೆ ಬರಲಿ. ಮಂಡಿಯಾದರೆ ಚಿಪ್ಪಿನ ಈ ಕಡೆ ಒಂದು, ಆ ಕಡೆ ಒಂದು. ಸೊಂಟವಾದರೆ ಬೆನ್ನೆಲುಬಿನ ಮೇಲೆ ಬೇಡ, ಅದರ ಎರಡೂ ಪಕ್ಕಕ್ಕೆ. ಪ್ಯಾಡ್‌ಗಳ ನಡುವೆ ಕನಿಷ್ಠ ಒಂದು ಇಂಚು ಅಂತರ ಇರಲಿ, ಒಂದಕ್ಕೊಂದು ತಗುಲಬಾರದು. ಗಂಟಲಿನ ಮುಂಭಾಗ, ಕುತ್ತಿಗೆಯ ಪಕ್ಕ, ತಲೆ, ಕಣ್ಣಿನ ಸುತ್ತ, ಬಾಯಿ, ಗಾಯವಾದ ಚರ್ಮ: ಇಲ್ಲೆಲ್ಲ ಯಾವತ್ತೂ ಬೇಡ. ಎದೆಗೊಂದು ಬೆನ್ನಿಗೊಂದು ಅಂಟಿಸಿ ಕರೆಂಟ್ ಎದೆಯನ್ನು ದಾಟುವ ಹಾಗೆ ಮಾಡಲೇಬಾರದು.

ಈಗ ಸೆಟ್ಟಿಂಗ್. ಯಂತ್ರದ ಮೇಲೆ ಹರ್ಟ್ಸ್ ಅಂತ ಇರುವುದು ಒಂದು ಸೆಕೆಂಡಿಗೆ ಎಷ್ಟು ಸಲ ಕರೆಂಟ್ ಮಿಡಿಯುತ್ತದೆ ಎಂಬ ಲೆಕ್ಕ. ಹೊಸಬರು 80ರಿಂದ 100 ಹರ್ಟ್ಸ್‌ನಲ್ಲಿ ಶುರು ಮಾಡಬಹುದು. ಅದು ಎಡೆಬಿಡದೆ ಜುಮ್ಮೆನ್ನುತ್ತದೆ. 2ರಿಂದ 4 ಹರ್ಟ್ಸ್‌ನ ನಿಧಾನದ ಸೆಟ್ಟಿಂಗ್‌ನಲ್ಲಿ ಸ್ನಾಯು ಟಪ್ ಟಪ್ ಅಂತ ಮಿಡಿಯುತ್ತದೆ. ಹಳೆಯ ನೋವಿರುವ ಕೆಲವರಿಗೆ ಇದೇ ಹಿಡಿಸುತ್ತದೆ.

ಎಷ್ಟು ಜೋರು ಇಡಬೇಕು ಎಂಬಲ್ಲೇ ಹೆಚ್ಚಿನವರು ತಪ್ಪುತ್ತಾರೆ. ಸೊನ್ನೆಯಿಂದ ಶುರು ಮಾಡಿ ಒಂದೊಂದೇ ಹೆಜ್ಜೆ ಏರಿಸಿ. ಮೊದಲು ಏನೂ ಗೊತ್ತಾಗುವುದಿಲ್ಲ. ಆಮೇಲೆ ಇರುವೆ ಹರಿದಾಡಿದ ಹಾಗೆ. ಇನ್ನೂ ಏರಿಸಿದರೆ ಕಾಲು ಜೋಮು ಹಿಡಿದು ಬಿಡುವಾಗ ಆಗುತ್ತದಲ್ಲ, ಆ ತರಹದ ಗಟ್ಟಿ ಜುಮ್ಮು. ಅಲ್ಲಿಗೆ ನಿಲ್ಲಿಸಿ. ಜೋರಾಗಿರಬೇಕು, ಆದರೆ ಹಿತವಾಗಿರಬೇಕು. ಚುಚ್ಚಿದರೆ, ಉರಿದರೆ, ಸ್ನಾಯು ಬಿಗಿದುಕೊಂಡರೆ ಕೂಡಲೇ ಇಳಿಸಿ. ಹೆದರಿಕೊಂಡು ತೀರಾ ಮೆತ್ತಗೆ ಇಟ್ಟರೂ ಉಪಯೋಗ ಇಲ್ಲ. ಹತ್ತು ನಿಮಿಷದಲ್ಲಿ ಜುಮ್ಮು ಮಸುಕಾಗುತ್ತದೆ, ನರಗಳಿಗೆ ಅಭ್ಯಾಸವಾಗಿರುತ್ತದೆ. ಆಗ ಇನ್ನೊಂದು ಹೆಜ್ಜೆ ಏರಿಸಬಹುದು.

ಒಂದು ಸಲಕ್ಕೆ 20ರಿಂದ 30 ನಿಮಿಷ ಸಾಕು. ಬೇಕಿದ್ದರೆ ದಿನಕ್ಕೆ ಎರಡು ಮೂರು ಸಲ. ದಿನವೂ ಅದೇ ಸೆಟ್ಟಿಂಗ್, ಅದೇ ಜಾಗ ಅಂತಾದರೆ ಪರಿಣಾಮ ಕುಗ್ಗುತ್ತಾ ಬರುತ್ತದೆ. ಆಗಾಗ ಬದಲಿಸಿ. ಹಾಕಿಕೊಂಡು ನಿದ್ದೆ ಹೋಗಬೇಡಿ, ಗಾಡಿ ಓಡಿಸಬೇಡಿ, ಸ್ನಾನಕ್ಕೆ ಹೋಗಬೇಡಿ.

ಮುಗಿದ ಮೇಲೆ ಮೊದಲು ಯಂತ್ರ ಆಫ್, ಆಮೇಲೆ ಪ್ಯಾಡ್. ವೈರ್ ಹಿಡಿದು ಎಳೆಯಬೇಡಿ, ಅಂಚು ಹಿಡಿದು ಮೆಲ್ಲಗೆ ಬಿಡಿಸಿ. ಕೆಳಗೆ ಚರ್ಮ ತುಸು ಕೆಂಪಾಗಿರುತ್ತದೆ, ಸ್ವಲ್ಪ ಹೊತ್ತಿಗೆ ಹೋಗುತ್ತದೆ. ಹೋಗದೆ ತುರಿಸಿದರೆ, ಗುಳ್ಳೆ ಎದ್ದರೆ ಆ ಪ್ಯಾಡ್ ನಿಮಗೆ ಆಗುವುದಿಲ್ಲ ಎಂದೇ ಲೆಕ್ಕ. ಪ್ಯಾಡ್‌ಗಳನ್ನು ಅದರದೇ ಪ್ಲಾಸ್ಟಿಕ್ ಹಾಳೆಗೆ ಅಂಟಿಸಿ ಎತ್ತಿಡಿ. ಅಂಟು ಒಣಗಿದರೆ ಒಂದು ಹನಿ ನೀರು ಸವರಿ. ಆಗಲೂ ಅಂಟದಿದ್ದರೆ ಹೊಸದು ತನ್ನಿ. ಒಬ್ಬರ ಪ್ಯಾಡ್ ಇನ್ನೊಬ್ಬರಿಗೆ ಬೇಡ.

ನನ್ನ ಪ್ರಕಾರ ಇದರ ನಿಜವಾದ ಉಪಯೋಗ ನೋವು ತಗ್ಗಿದ ಆ ಅರ್ಧ ಗಂಟೆ. ಆಗ ಸುಮ್ನೆ ಮಲಗಿಬಿಡಬೇಡಿ. ಮಂಡಿ ನೋವಿದ್ದರೆ ಪ್ಯಾಡ್ ಇರುವಾಗಲೇ ಕುರ್ಚಿಯಲ್ಲಿ ಕೂತು ಕಾಲು ನೀಡಿ, ಮಡಚಿ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ, ನೋವಿಗೆ ಹೆದರಿ ಬಿಟ್ಟಿದ್ದ ವ್ಯಾಯಾಮ ಇದ್ದರೆ ಅದಕ್ಕೆ ಇದೇ ಹೊತ್ತು. ಹಾಕಿಕೊಳ್ಳುವ ಮುಂಚೆ ನೋವಿಗೆ ಹತ್ತರಲ್ಲಿ ಎಷ್ಟು ಅಂಕ, ಆಮೇಲೆ ಎಷ್ಟು, ಎಷ್ಟು ಹೆಜ್ಜೆ ನಡೆದಿರಿ ಎಂದು ಒಂದು ಪುಸ್ತಕದಲ್ಲಿ ಬರೆಯುತ್ತಾ ಹೋಗಿ. ಎರಡು ವಾರವಾದರೂ ಅಂಕ ಇಳಿಯದಿದ್ದರೆ ಯಂತ್ರ ಎತ್ತಿಟ್ಟು, ಆ ಪುಸ್ತಕ ಹಿಡಿದು ವೈದ್ಯರ ಹತ್ತಿರ ಹೋಗಿ.